ಸಿ ಕಲಿಯಲು ಕಂಪೈಲರ್‌ಗೆ ದುಡ್ಡು ಕೊಡಬೇಕೆ? ಫಾರ್ವರ್ಡ್‌ನಲ್ಲಿ ಬಂದಿದ್ದೆಷ್ಟು ನಿಜ?

ಹೋದ ವರ್ಷ ಚಿಂಚೋಳಿಯಿಂದ ನಮ್ಮ ಕಾಕಾನ ಮಗ ಫೋನ್ ಮಾಡಿದ್ದ. ಆಗಷ್ಟೇ ಬಿಸಿಎಗೆ ಸೇರಿದ್ದ. “ಅಕ್ಕಾ, ಸಿ ಕಲೀಲಿಕ್ಕ ಕಂಪೈಲರ್ ಕೊಂಡ್ಕೋಬೇಕಂತ. ಲ್ಯಾಪ್‌ಟಾಪ್ ಇಲ್ದೆ ಆಗಂಗಿಲ್ಲಂತ. ಖರೇನೇನು?” ಎಂದು ಕೇಳಿ, ತನ್ನ ಗ್ರೂಪಿಗೆ ಬಂದಿದ್ದ ಮೆಸೇಜನ್ನು ನನಗೂ ಕಳಿಸಿದ. ಅದರಲ್ಲಿ ಇಷ್ಟಿತ್ತು: ಸಿ ಕಲಿಯಲು ಒರಿಜಿನಲ್ ಟರ್ಬೊ ಸಿ ಬೇಕೇ ಬೇಕು, ಮೊಬೈಲ್‌ನಲ್ಲಿ ಕೋಡಿಂಗ್ ಆಗುವುದಿಲ್ಲ, ಲೈಫ್‌ಟೈಮ್ ಲೈಸೆನ್ಸ್ 999 ರೂಪಾಯಿ, ಇವತ್ತೇ ಕೊನೆಯ ದಿನ, ಎಲ್ಲ ಗ್ರೂಪಿಗೂ ಕಳಿಸಿ. ಕೆಳಗೊಂದು ಲಿಂಕ್.

ಕಾಕಾ ಆಗಲೇ ಲ್ಯಾಪ್‌ಟಾಪ್‌ಗಾಗಿ ಸಾಲದ ಮಾತಾಡಿಯೂ ಆಗಿತ್ತು. ತೊಗರಿ ಮಾರಿದ ಮೇಲೆ ತೀರಿಸಿದರಾಯಿತು ಎಂಬ ಲೆಕ್ಕ.

ಇಂಥ ಮೆಸೇಜ್ ನಿಮಗೂ ಬಂದಿರಬಹುದು, ಅಥವಾ ನೀವೇ ಯಾರಿಗೋ ಒಳ್ಳೆಯದಾಗಲಿ ಎಂದು ಮುಂದಕ್ಕೆ ಕಳಿಸಿರಬಹುದು. ಹಾಗಾಗಿ ಅದರಲ್ಲಿನ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲು, ಕಂಪೈಲರ್ ಎಂದರೇನು?

ಕಂಪ್ಯೂಟರಿನ ಪ್ರೊಸೆಸರ್‌ಗೆ ಅರ್ಥವಾಗುವುದು ಸೊನ್ನೆ ಮತ್ತು ಒಂದರಲ್ಲಿ ಬರೆದ ಆದೇಶ ಮಾತ್ರ. ನಾವು ಸಿ, ಪೈಥಾನ್‌ನಂಥ ಭಾಷೆಗಳಲ್ಲಿ ಬರೆಯುತ್ತೇವೆ. ನಡುವೆ ಅನುವಾದ ಮಾಡುವ ಯಾರಾದರೂ ಬೇಕು. ಅನುವಾದದಲ್ಲಿ ಎರಡು ಬಗೆ.

ನಮ್ಮ ಭಾಗ ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಹಳೆಯ ಜಮೀನಿನ ಕಾಗದಗಳು ಉರ್ದುವಿನಲ್ಲಿರುವುದು ಇಲ್ಲಿ ಹೊಸದೇನಲ್ಲ. ಅಂಥ ಕಾಗದವನ್ನು ಬಲ್ಲವರ ಹತ್ತಿರ ಒಯ್ದರೆ ಇಡೀ ದಾಖಲೆಯನ್ನು ಓದಿ ಕನ್ನಡದಲ್ಲಿ ಬರೆದುಕೊಡುತ್ತಾರೆ. ಆಮೇಲೆ ಆ ಕನ್ನಡದ ಪ್ರತಿ ನಿಮ್ಮದು. ಮತ್ತೆ ಮತ್ತೆ ಅವರ ಹತ್ತಿರ ಹೋಗಬೇಕಿಲ್ಲ. ಕಂಪೈಲರ್ ಮಾಡುವುದು ಇದನ್ನೇ. ನೀವು ಬರೆದ ಇಡೀ ಪ್ರೋಗ್ರಾಂ ಅನ್ನು ಒಮ್ಮೆಗೇ ಓದಿ, ತಪ್ಪಿದ್ದರೆ ಎಷ್ಟನೇ ಸಾಲಿನಲ್ಲಿ ಎಂದು ತಿಳಿಸಿ, ತಪ್ಪಿಲ್ಲದಿದ್ದರೆ ಯಂತ್ರದ ಭಾಷೆಯ ಒಂದು ಫೈಲ್ ಮಾಡಿ ಕೊಡುತ್ತದೆ. ಸಿ ಮತ್ತು ಸಿ++ ನಡೆಯುವುದು ಹೀಗೆ.

ಇನ್ನೊಂದು ಬಗೆ: ಗಡಿ ದಾಟಿ ತಾಂಡೂರಿನ ಬಜಾರಿಗೆ ಹೋದಾಗ ತೆಲುಗು ಬಲ್ಲ ಗೆಳೆಯನೊಬ್ಬ ಪಕ್ಕದಲ್ಲಿ ನಿಂತು, ಒಂದೊಂದು ಮಾತನ್ನೂ ಆಗಿಂದಾಗಲೇ ತಿಳಿಸಿ ಹೇಳುವುದು. ಅವನು ಪ್ರತಿ ಸಲವೂ ಜೊತೆಗಿರಬೇಕು. ಇಂಥ ಅನುವಾದಕನಿಗೆ ಇಂಟರ್‌ಪ್ರೆಟರ್ ಎನ್ನುತ್ತಾರೆ. ಪೈಥಾನ್ ಪ್ರೋಗ್ರಾಂಗಳನ್ನು ನಾವು ಸಾಮಾನ್ಯವಾಗಿ ನಡೆಸುವುದು ಇದರ ಮೂಲಕ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ವಿಎಸ್ ಕೋಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಪ್ರೋಗ್ರಾಂ ನಡೆಯದಿದ್ದಾಗ ಕಂಪ್ಯೂಟರೇ ಸರಿಯಿಲ್ಲ ಎಂದುಕೊಳ್ಳುವವರಿದ್ದಾರೆ. ವಿಎಸ್ ಕೋಡ್ ಕಂಪೈಲರ್ ಅಲ್ಲ, ಎಡಿಟರ್. ಅಂದರೆ ಬರೆಯುವ ಹಾಳೆ. ಹಾಳೆ ಎಷ್ಟೇ ಚೆನ್ನಾಗಿದ್ದರೂ ಅನುವಾದ ಮಾಡುವವರು ಬೇರೆಯೇ ಬೇಕು.

ಹೇಳಿಕೆ 1: ಒಳ್ಳೆಯ ಕಂಪೈಲರ್‌ಗೆ ದುಡ್ಡು ಕೊಡಲೇಬೇಕು

ಇದು ಸುಳ್ಳು.

ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದರು. ಅದಕ್ಕೆ ಕಂಪೈಲರ್‌ಗಳನ್ನು ಮಾಡಿ ಮಾರುವ ಕಂಪನಿಗಳು ಆಮೇಲೆ ಹಲವು ಬಂದವು. ಒಂದು ಕಾಲಕ್ಕೆ ಕಂಪೈಲರ್ ನಿಜಕ್ಕೂ ದುಡ್ಡು ಕೊಟ್ಟು ಕೊಳ್ಳುವ ವಸ್ತುವೇ ಆಗಿತ್ತು.

ಅದನ್ನು ಬದಲಿಸಿದ್ದು ಜಿಸಿಸಿ. ತಂತ್ರಾಂಶವನ್ನು ಯಾರು ಬೇಕಾದರೂ ಬಳಸುವ, ಒಳಗೆ ಏನಿದೆ ಎಂದು ನೋಡುವ, ತಿದ್ದುವ ಮತ್ತು ಹಂಚುವ ಸ್ವಾತಂತ್ರ್ಯವಿರಬೇಕು ಎಂದು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. ಅದರ ಭಾಗವಾಗಿ 1987ರಲ್ಲಿ ಜಿಸಿಸಿ ಮೊದಲ ಸಲ ಬಿಡುಗಡೆಯಾಯಿತು. ಅಂದಿನಿಂದ ಇಂದಿನವರೆಗೂ ಅದು ಉಚಿತ. ಲಿನಕ್ಸ್‌ನ ತಿರುಳು ಬೆಳೆದದ್ದೇ ಜಿಸಿಸಿಯ ಬಲದಿಂದ.

ಇನ್ನೊಂದು ಹೆಸರು ಕ್ಲ್ಯಾಂಗ್. 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಎಲ್‌ಎಲ್‌ವಿಎಂ ಎಂಬ ಸಂಶೋಧನೆಯಿಂದ ಬೆಳೆದ ಕಂಪೈಲರ್ ಇದು. ಇದೂ ಉಚಿತ, ಇದೂ ಮುಕ್ತ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಸಿ ಮತ್ತು ಸಿ++ನಲ್ಲಿ ಬರೆದ ಭಾಗಗಳನ್ನು ಗೂಗಲ್ ಕಂಪೈಲ್ ಮಾಡುವುದು ಇದೇ ಕ್ಲ್ಯಾಂಗ್‌ನಿಂದ. ಅಂದರೆ ‘ದುಡ್ಡು ಕೊಡದಿದ್ದರೆ ಒಳ್ಳೆಯ ಕಂಪೈಲರ್ ಸಿಗದು’ ಎನ್ನುವ ಮೆಸೇಜನ್ನು ನೀವು ಓದುತ್ತಿರುವ ಫೋನೇ ಉಚಿತ ಕಂಪೈಲರ್‌ನ ಕೂಸು.

ಹಾಗಾದರೆ ಯಾರಾದರೂ ಯಾಕೆ ಪುಕ್ಕಟೆ ಕೊಡುತ್ತಾರೆ? ಇದು ನ್ಯಾಯವಾದ ಪ್ರಶ್ನೆ. ಚಿಪ್ ಮಾಡುವ ಕಂಪನಿಗೆ ತನ್ನ ಚಿಪ್‌ಗೆ ಜನ ಪ್ರೋಗ್ರಾಂ ಬರೆಯಬೇಕು, ಅದಕ್ಕೆ ಕಂಪೈಲರ್ ಬೇಕು. ಫೋನ್ ಮತ್ತು ಸರ್ವರ್ ನಡೆಸುವ ಕಂಪನಿಗಳಿಗೂ ಅದು ಬೇಕು. ಒಬ್ಬೊಬ್ಬರೂ ಬೇರೆ ಬೇರೆ ಮಾಡಿಕೊಳ್ಳುವ ಬದಲು ಎಲ್ಲರೂ ತಮ್ಮ ಇಂಜಿನಿಯರ್‌ಗಳಿಂದ ಒಂದೇ ಕೆಲಸಕ್ಕೆ ಕೈಹಾಕಿಸುತ್ತಾರೆ. ಊರಿನ ಕೆರೆಯ ಹೂಳನ್ನು ಎಲ್ಲರೂ ಸೇರಿ ಎತ್ತಿದ ಹಾಗೆ. ನೀರು ಮಾತ್ರ ಎಲ್ಲರಿಗೂ.

ದುಡ್ಡಿನ ಕಂಪೈಲರ್‌ಗಳು ಈಗಲೂ ಇವೆ. ಕಾರಿನ ಬ್ರೇಕ್, ವೈದ್ಯಕೀಯ ಉಪಕರಣದಂಥ ಕಡೆ ಬಳಸಲು ಪ್ರಮಾಣಪತ್ರ ಪಡೆದ ಕಂಪೈಲರ್‌ಗಳನ್ನು ಕಂಪನಿಗಳು ಕೊಳ್ಳುತ್ತವೆ. ಕಲಿಯುವವರಿಗೆ ಅವು ಬೇಕಿಲ್ಲ.

ಹೇಳಿಕೆ 2: ಟರ್ಬೊ ಸಿ ಇಲ್ಲದೆ ಸಿ ಕಲಿಯಲಾಗದು

ಇದೂ ಸುಳ್ಳು. ಆದರೆ ಇದರ ಹಿಂದೆ ಒಂದು ಕಾರಣವಿದೆ.

ನೀಲಿ ಪರದೆಯ ಟರ್ಬೊ ಸಿಯನ್ನು ಬೋರ್ಲ್ಯಾಂಡ್ ಎಂಬ ಕಂಪನಿ 1987ರಲ್ಲಿ ತಂದಿತು. ಟರ್ಬೊ ಸಿ++ ಬಂದದ್ದು 1990ರಲ್ಲಿ. ಆ ಕಾಲಕ್ಕೆ ಅದು ಚುರುಕಾದ, ಕಡಿಮೆ ಬೆಲೆಯ ಸಾಧನವಾಗಿತ್ತು. ನಮ್ಮ ದೇಶದ ಎಷ್ಟೋ ಪಠ್ಯಪುಸ್ತಕ, ನೋಟ್ಸ್ ಮತ್ತು ಲ್ಯಾಬ್ ಕೈಪಿಡಿಗಳು ಅದನ್ನೇ ನೆಚ್ಚಿ ತಯಾರಾದವು. ಪುಸ್ತಕ ಬದಲಾಗದಿದ್ದರಿಂದ ಲ್ಯಾಬ್ ಕೂಡ ಹಲವೆಡೆ ಬದಲಾಗಲಿಲ್ಲ.

ತೊಂದರೆ ಏನೆಂದರೆ, ಅದು ಡಾಸ್ ಕಾಲದ 16 ಬಿಟ್ ತಂತ್ರಾಂಶ. ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಅದು ನೇರವಾಗಿ ನಡೆಯುವುದೇ ಇಲ್ಲ. ಡಾಸ್‌ಬಾಕ್ಸ್ ಎಂಬ ಇನ್ನೊಂದು ತಂತ್ರಾಂಶದೊಳಗೆ ಹಳೆಯ ಕಂಪ್ಯೂಟರಿನ ವೇಷ ಕಟ್ಟಿಸಿ ಅದನ್ನು ನಡೆಸಬೇಕು.

ನಮ್ಮ ಹುಡುಗನಿಗೆ ಇದರ ಅನುಭವ ಬೇಗನೇ ಆಯಿತು. ಫೋನಿನಲ್ಲಿ ಉಚಿತ ಕಂಪೈಲರ್ ಹಾಕಿಕೊಂಡವನು ಒಂದು ಸಣ್ಣ ಪ್ರೋಗ್ರಾಂ ಬರೆದ. ತೊಗರಿ 12 ಕ್ವಿಂಟಲ್, ದರ ಉದಾಹರಣೆಗೆ ಕ್ವಿಂಟಲ್‌ಗೆ 7,000 ರೂಪಾಯಿ, ಒಟ್ಟು ಎಷ್ಟು? ಫೋನ್ 84,000 ಎಂದು ತೋರಿಸಿತು. ಮರುದಿನ ಕಾಲೇಜಿನ ಲ್ಯಾಬ್‌ನಲ್ಲಿ ಅದೇ ಪ್ರೋಗ್ರಾಂ ಅನ್ನು ಟರ್ಬೊ ಸಿಯಲ್ಲಿ ಟೈಪ್ ಮಾಡಿದ. ಉತ್ತರ 18,464! ‘ಮೊಬೈಲ್ ಕಂಪೈಲರ್ ಸರಿಯಿಲ್ಲ’ ಎಂದು ಪಕ್ಕದವರು ನಕ್ಕರಂತೆ. ರಾತ್ರಿ ಫೋನ್ ಮಾಡಿ, “ಅಕ್ಕಾ, ಯಾವ್ದು ಖರೇ?” ಎಂದ.

12ನ್ನು 7,000ದಿಂದ ಗುಣಿಸಿದರೆ 84,000 ಎಂದು ಕಾಕಾ ಬೆರಳಲ್ಲೇ ಲೆಕ್ಕ ಹಾಕಿಯಾರು. ತಪ್ಪಿದ್ದು ಲ್ಯಾಬ್‌ನ ಉತ್ತರ. ಕಾರಣ ಹೀಗಿದೆ.

ಸಿಯಲ್ಲಿ ಪೂರ್ಣಾಂಕ ಇಡುವ ಡಬ್ಬಿಗೆ ಇಂಟ್ ಎಂದು ಹೆಸರು. ಟರ್ಬೊ ಸಿಯಲ್ಲಿ ಈ ಡಬ್ಬಿಯ ಗಾತ್ರ 2 ಬೈಟ್, ಅಂದರೆ 16 ಬಿಟ್. ಅದರಲ್ಲಿ ಒಟ್ಟು 65,536 ಬೇರೆ ಬೇರೆ ಸಂಖ್ಯೆಗಳನ್ನು ಮಾತ್ರ ಗುರುತಿಸಬಹುದು. ಅರ್ಧದಷ್ಟು ಋಣ ಸಂಖ್ಯೆಗಳಿಗೆ ಹೋಗುವುದರಿಂದ ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಅದಕ್ಕಿಂತ ಹೆಚ್ಚಾದರೆ, ಹಳೆಯ ಬೈಕಿನ ಕಿಲೋಮೀಟರ್ ಮೀಟರು 99,999 ದಾಟಿ ಮತ್ತೆ ಸೊನ್ನೆಗೆ ಬರುವಂತೆ, ಸಂಖ್ಯೆ ಸುತ್ತು ಹೊಡೆಯುತ್ತದೆ. 84,000ದಲ್ಲಿ 65,536 ಕಳೆಯಿರಿ, ಉಳಿಯುವುದು 18,464. ಲ್ಯಾಬ್‌ನಲ್ಲಿ ಬಂದ ಉತ್ತರ ಅದೇ.

ಇಂದಿನ ಜಿಸಿಸಿ ಮತ್ತು ಕ್ಲ್ಯಾಂಗ್‌ನಲ್ಲಿ ಇಂಟ್ ಸಾಮಾನ್ಯವಾಗಿ 4 ಬೈಟ್. ಸುಮಾರು 214 ಕೋಟಿಯವರೆಗೆ ಹಿಡಿಯುತ್ತದೆ. ಅಲ್ಲೂ ಮಿತಿ ಇದೆ, ಆದರೆ ಒಂದು ಮನೆಯ ತೊಗರಿ ಲೆಕ್ಕಕ್ಕೆ ಸಾಕು. ಟರ್ಬೊ ಸಿಯಲ್ಲೂ ಸರಿಯಾದ ಉತ್ತರ ಬೇಕೆಂದರೆ ಇಂಟ್ ಬದಲು ಲಾಂಗ್ ಎಂಬ ದೊಡ್ಡ ಡಬ್ಬಿ ಬಳಸಬೇಕು. ಒಟ್ಟಿಗೆ ಮಾತ್ರ ಲಾಂಗ್ ಕೊಟ್ಟರೆ ಸಾಲದು, ಗುಣಿಸುವ ಸಂಖ್ಯೆಗಳಿಗೂ ಲಾಂಗ್ ಕೊಡಬೇಕು, ಮುದ್ರಿಸುವಾಗಲೂ ಇದು ಲಾಂಗ್ ಎಂದು ಹೇಳಬೇಕು.

ಹಾಗೆಂದು ಲ್ಯಾಬ್‌ನಲ್ಲಿ ಟರ್ಬೊ ಸಿ ಇದ್ದರೆ ಜಗಳ ಕಾಯಬೇಕಿಲ್ಲ. ಅಂಕ ಬರುವುದು ಲ್ಯಾಬ್ ಪರೀಕ್ಷೆಯಲ್ಲಿ ತಾನೆ! ಎರಡೂ ಕಡೆ ನಡೆಯುವಂತೆ ಬರೆಯುವುದನ್ನು ರೂಢಿ ಮಾಡಿಕೊಳ್ಳಿ:

• ವಾಯ್ಡ್ ಮೇನ್ ಬದಲು ಇಂಟ್ ಮೇನ್ ಎಂದು ಬರೆದು, ಕೊನೆಗೆ ರಿಟರ್ನ್ ಸೊನ್ನೆ ಹಾಕಿ. ಟರ್ಬೊ ಸಿ ಇದನ್ನು ಒಪ್ಪುತ್ತದೆ, ಹೊಸ ಕಂಪೈಲರ್‌ಗಳು ಬಯಸುವುದೂ ಇದನ್ನೇ.

• ಕೊನಿಯೊ ಎಂಬ ಹೆಡರ್ ಫೈಲ್ ಮತ್ತು ಪರದೆ ಅಳಿಸುವ ಆದೇಶ ಸಿ ಭಾಷೆಯ ಮಾನಕದಲ್ಲಿಲ್ಲ. ಅವು ಡಾಸ್ ಕಾಲದ ಕಂಪೈಲರ್‌ಗಳ ಸ್ವಂತ ಸೇರ್ಪಡೆ. ಪುಸ್ತಕದಲ್ಲಿದೆ ಎಂದು ಅವನ್ನು ಫೋನಿನಲ್ಲಿ ಬರೆದರೆ ತಪ್ಪು ಬರುತ್ತದೆ. ಬಿಟ್ಟುಬಿಡಿ.

• ಟರ್ಬೊ ಸಿಯಲ್ಲಿ ಉತ್ತರ ಕಣ್ಣಿಗೆ ಬೀಳುವ ಮುನ್ನವೇ ಮಾಯವಾದರೆ ಆಲ್ಟ್ ಮತ್ತು ಎಫ್5 ಕೀಗಳನ್ನು ಒಟ್ಟಿಗೆ ಒತ್ತಿ, ಉತ್ತರದ ಪರದೆ ಕಾಣುತ್ತದೆ.

• ಎಲ್ಲ ವೇರಿಯಬಲ್‌ಗಳನ್ನೂ ಫಂಕ್ಷನ್ನಿನ ಆರಂಭದಲ್ಲೇ ಘೋಷಿಸಿ. ಫಾರ್ ಲೂಪಿನ ಒಳಗೆ ಘೋಷಿಸುವುದನ್ನು ಹೊಸ ಕಂಪೈಲರ್ ಒಪ್ಪಿದರೂ ಸಿ ಪ್ರೋಗ್ರಾಂನಲ್ಲಿ ಟರ್ಬೊ ಒಪ್ಪದು.

ಇನ್ನೊಂದು ಮಾತು. ‘ಒರಿಜಿನಲ್ ಟರ್ಬೊ ಸಿ ಲೈಸೆನ್ಸ್’ ಮಾರುತ್ತೇವೆ ಎನ್ನುವವರನ್ನು ನಂಬಬೇಡಿ. ಟರ್ಬೊ ಸಿ ಮತ್ತು ಟರ್ಬೊ ಸಿ++ನ ಆರಂಭದ ಆವೃತ್ತಿಗಳನ್ನು ಹಳೆಯ ತಂತ್ರಾಂಶ ಎಂಬ ಲೆಕ್ಕದಲ್ಲಿ ಕಂಪನಿಯೇ ಉಚಿತವಾಗಿ ಬಿಟ್ಟುಕೊಟ್ಟು ಬಹಳ ವರ್ಷಗಳಾದವು.

ಹೇಳಿಕೆ 3: ಮೊಬೈಲ್‌ನಲ್ಲಿ ಕೋಡಿಂಗ್ ಆಗುವುದಿಲ್ಲ

ಇದು ಅರ್ಧಸತ್ಯ.

ದೊಡ್ಡ ಪ್ರಾಜೆಕ್ಟ್‌ಗಳಿಗೆ ಕಂಪ್ಯೂಟರ್ ಬೇಕೇ ಬೇಕು. ಸಣ್ಣ ಪರದೆಯಲ್ಲಿ ನೂರಾರು ಸಾಲು ನೋಡುವುದು ಕಷ್ಟ. ಆದರೆ ಮೊದಲ ಸೆಮಿಸ್ಟರಿನ ಲೂಪ್, ಅರೇ, ಫಂಕ್ಷನ್, ಪಾಯಿಂಟರ್ ಅಭ್ಯಾಸಗಳಿಗೆ ಸಾಮಾನ್ಯ ಆಂಡ್ರಾಯ್ಡ್ ಫೋನ್ ಸಾಕು. ದಾರಿ ಎರಡಿವೆ.

ಮೊದಲನೆಯದು ಆನ್‌ಲೈನ್ ಕಂಪೈಲರ್. ಆನ್‌ಲೈನ್‌ಜಿಡಿಬಿ, ಪ್ರೋಗ್ರಾಮಿಜ್‌ನಂಥ ತಾಣಗಳನ್ನು ಬ್ರೌಸರ್‌ನಲ್ಲಿ ತೆರೆದು, ಬರೆದು, ರನ್ ಒತ್ತಿದರೆ ಆಯಿತು. ಏನನ್ನೂ ಹಾಕಿಕೊಳ್ಳಬೇಕಿಲ್ಲ. ನೀವು ಬರೆದದ್ದು ಎಲ್ಲೋ ದೂರದ ಸರ್ವರ್‌ಗೆ ಹೋಗಿ, ಅಲ್ಲಿ ಕಂಪೈಲ್ ಆಗಿ, ಉತ್ತರ ಮರಳಿ ಬರುತ್ತದೆ. ಹೋಗಿ ಬರುವುದು ಬರೀ ಅಕ್ಷರಗಳಾದ್ದರಿಂದ ವಿಡಿಯೊ ನೋಡುವುದಕ್ಕಿಂತ ಎಷ್ಟೋ ಕಡಿಮೆ ಡೇಟಾ ಸಾಕು. ಕೊರತೆ ಎಂದರೆ, ನೆಟ್‌ವರ್ಕ್ ಹೋದರೆ ಕೆಲಸ ನಿಂತಿತು. ಊರ ಹೊರಗಿನ ತಾಂಡಾಗಳಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ ಇರುವವರಿಗೆ ಇದು ಸಣ್ಣ ಕೊರತೆಯೇನಲ್ಲ. ಅಪರಿಚಿತ ಸರ್ವರ್‌ಗೆ ಹೋಗುವುದರಿಂದ ನಿಮ್ಮ ಪಾಸ್‌ವರ್ಡ್, ಆಧಾರ್ ಸಂಖ್ಯೆಯಂಥವನ್ನು ಪ್ರೋಗ್ರಾಂ ಒಳಗೆ ಬರೆಯಲೂಬಾರದು.

ಎರಡನೆಯದು ಫೋನಿನಲ್ಲೇ ಕಂಪೈಲರ್ ಹಾಕಿಕೊಳ್ಳುವುದು. ಟರ್ಮಕ್ಸ್ ಎಂಬ ಉಚಿತ ಆ್ಯಪ್ ಆಂಡ್ರಾಯ್ಡ್ 7 ಮತ್ತು ಅದರ ನಂತರದ ಫೋನ್‌ಗಳಲ್ಲಿ ನಡೆಯುತ್ತದೆ. ಅದನ್ನು ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಭಂಡಾರದಿಂದ ಅಥವಾ ಗಿಟ್‌ಹಬ್‌ನ ಅದರ ಅಧಿಕೃತ ಪುಟದಿಂದ ಪಡೆಯಿರಿ. ತೆರೆದರೆ ಕಪ್ಪು ಪರದೆ ಕಾಣುತ್ತದೆ, ಹೆದರಬೇಡಿ. ಅಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ಪಿಕೆಜಿ ಇನ್‌ಸ್ಟಾಲ್ ಕ್ಲ್ಯಾಂಗ್’ ಎಂದು ಟೈಪ್ ಮಾಡಿದರೆ ಕಂಪೈಲರ್ ಇಳಿಯುತ್ತದೆ. ಇದು ದೊಡ್ಡ ಡೌನ್‌ಲೋಡ್, ವೈಫೈ ಸಿಕ್ಕಾಗ ಮಾಡಿಕೊಳ್ಳಿ. ಒಮ್ಮೆ ಇಳಿದರೆ ಮುಂದೆ ಇಂಟರ್ನೆಟ್ ಇಲ್ಲದೆಯೂ ಸಿ, ಸಿ++ ಎರಡೂ ನಡೆಯುತ್ತವೆ.

ಫೋನಿನಲ್ಲಿ ನಿಜವಾದ ತೊಂದರೆ ಕಂಪೈಲರ್‌ನದಲ್ಲ, ಟೈಪಿಂಗ್‌ನದು. ಆವರಣ ಚಿಹ್ನೆ, ಅರ್ಧವಿರಾಮ ಹುಡುಕುವುದರಲ್ಲೇ ತಾಳ್ಮೆ ಮುಗಿಯುತ್ತದೆ. ಇದಕ್ಕೆ ಅಗ್ಗದ ಉಪಾಯವಿದೆ. ಒಟಿಜಿ ಕನೆಕ್ಟರ್ ಒಂದನ್ನು ತಂದು ಸಾಮಾನ್ಯ ಯುಎಸ್‌ಬಿ ಕೀಬೋರ್ಡನ್ನು ಫೋನಿಗೆ ಜೋಡಿಸಿ. ನಿಮ್ಮ ಫೋನಿಗೆ ಒಟಿಜಿ ಬೆಂಬಲ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಹೇಳಿಕೆ 4: ಇಂಗ್ಲಿಷ್ ಬಾರದವರಿಗೆ ಇದು ಆಗಿಬರುವುದಿಲ್ಲ

ಈ ಮಾತು ಕಾಕಾನ ಮಗನ ಮೆಸೇಜಿನಲ್ಲಿರಲಿಲ್ಲ, ಅವನ ಮನಸ್ಸಿನಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಜನರ ಮನಸ್ಸಿನಲ್ಲಿದೆ. ಇದೂ ಸುಳ್ಳು.

1989ರ ಮಾನಕದ ಪ್ರಕಾರ ಸಿ ಭಾಷೆಯಲ್ಲಿ ಕಾಯ್ದಿರಿಸಿದ ಪದಗಳು ಬರೀ 32. ಅಷ್ಟನ್ನು ಕಲಿಯಲು ಇಂಗ್ಲಿಷ್ ವ್ಯಾಕರಣ ಬೇಕಿಲ್ಲ. ಮಕ್ಕಳಿಗೆ ಕಲಿಸುವ ಲೋಗೊ ಭಾಷೆಯ ಕನ್ನಡ ಆವೃತ್ತಿಯನ್ನು ಡಾ. ಯು. ಬಿ. ಪವನಜ ಅವರು ರೂಪಿಸಿ ತೋರಿಸಿದ್ದಾರೆ, ಅದರಲ್ಲಿ ಆದೇಶಗಳೇ ಕನ್ನಡದಲ್ಲಿವೆ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ‘ತೊಗರಿ’, ‘ದರ’ ಎಂದು ಕನ್ನಡದಲ್ಲೇ ಹೆಸರಿಡಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಸಿ ಪಾಠಗಳು ಭಾರತೀಯ ಭಾಷೆಗಳ ಧ್ವನಿಯಲ್ಲಿ ಉಚಿತವಾಗಿ ಸಿಗುತ್ತವೆ. ಅವರು ಪಾಠ ಮಾಡುವುದೂ ಜಿಸಿಸಿಯಲ್ಲೇ.

ಒಂದು ಕೌಶಲವನ್ನು ಮಾತ್ರ ಬೆಳೆಸಿಕೊಳ್ಳಬೇಕು, ಅದು ಕಂಪೈಲರ್ ತೋರಿಸುವ ತಪ್ಪಿನ ಸಂದೇಶ ಓದುವುದು. ಸಾಲಿನ ಸಂಖ್ಯೆ ನೋಡಿ, ಮೊದಲನೆಯ ತಪ್ಪನ್ನಷ್ಟೇ ಸರಿಪಡಿಸಿ, ಮತ್ತೆ ಕಂಪೈಲ್ ಮಾಡಿ. ಒಂದು ಅರ್ಧವಿರಾಮ ಬಿಟ್ಟರೆ ಕೆಳಗಿನ ಹತ್ತು ಸಾಲು ತಪ್ಪೆನ್ನಬಹುದು. ಆ ಒಂದನ್ನು ಹಾಕಿದರೆ ಹತ್ತೂ ಹೋಗುತ್ತವೆ.

ಹಾಗಾದರೆ ಯಾರಿಗೆ ಯಾವುದು?

• ಫೋನ್ ಇದೆ, ನೆಟ್‌ವರ್ಕ್ ಚೆನ್ನಾಗಿದೆ: ಆನ್‌ಲೈನ್ ಕಂಪೈಲರ್. ಇವತ್ತೇ ಶುರು ಮಾಡಬಹುದು.

• ಫೋನ್ ಇದೆ, ನೆಟ್‌ವರ್ಕ್ ನಂಬುವಂತಿಲ್ಲ: ಟರ್ಮಕ್ಸ್ ಮತ್ತು ಕ್ಲ್ಯಾಂಗ್.

• ವಿಂಡೋಸ್ ಕಂಪ್ಯೂಟರ್ ಇದೆ: ಕೋಡ್‌ಬ್ಲಾಕ್ಸ್. ಅದರ ಅಧಿಕೃತ ತಾಣದಲ್ಲಿ ಹಲವು ಫೈಲ್‌ಗಳಿರುತ್ತವೆ. ಹೆಸರಿನಲ್ಲಿ ಮಿಂಗ್‌ಡಬ್ಲ್ಯು ಎಂದಿರುವುದನ್ನೇ ಆರಿಸಿ. ಜಿಸಿಸಿ ಕಂಪೈಲರ್ ಅದರೊಳಗೇ ಸೇರಿರುತ್ತದೆ. ಬೇರೆ ಫೈಲ್ ಆರಿಸಿದರೆ ಎಡಿಟರ್ ಮಾತ್ರ ಬರುತ್ತದೆ. ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೊ ಕಮ್ಯುನಿಟಿ ಕೂಡ ವಿದ್ಯಾರ್ಥಿಗಳಿಗೆ ಉಚಿತ, ಆದರೆ ಹಲವು ಜಿಬಿ ಜಾಗ ಬೇಕು. ಮೊದಲ ಸೆಮಿಸ್ಟರಿಗೆ ಅಷ್ಟು ಬೇಡ.

• ಹಳೆಯ, ನಿಧಾನವಾದ ಕಂಪ್ಯೂಟರ್ ಇದೆ: ಹಗುರವಾದ ಲಿನಕ್ಸ್ ಹಾಕಿ ಜಿಸಿಸಿ ಬಳಸಿ. ಎರಡೂ ಉಚಿತ.

• ಯಾವ ಭಾಷೆ ಎಂಬ ಕಟ್ಟುಪಾಡಿಲ್ಲ, ಕುತೂಹಲಕ್ಕೆ ಕಲಿಯಬೇಕು: ಪೈಥಾನ್‌ನಿಂದ ಶುರು ಮಾಡಿ. ಕಂಪ್ಯೂಟರಿಗೆ ಅದರ ಅಧಿಕೃತ ತಾಣದಿಂದ, ಫೋನಿನಲ್ಲಿ ಟರ್ಮಕ್ಸ್‌ನಿಂದಲೇ ಉಚಿತವಾಗಿ ಸಿಗುತ್ತದೆ.

ಬಿಸಿಎ, ಡಿಪ್ಲೊಮಾ ಅಥವಾ ವಿಟಿಯು ಇಂಜಿನಿಯರಿಂಗ್ ಓದುತ್ತಿದ್ದರೆ, ಏನನ್ನೂ ಹಾಕಿಕೊಳ್ಳುವ ಮುನ್ನ ನಿಮ್ಮ ಮೇಷ್ಟ್ರನ್ನು ಒಂದು ಪ್ರಶ್ನೆ ಕೇಳಿ: “ಸರ್, ಪರೀಕ್ಷೆಯಲ್ಲಿ ಯಾವ ಕಂಪೈಲರ್ ಇರುತ್ತದೆ?” ಆ ಉತ್ತರಕ್ಕೆ ತಕ್ಕಂತೆ ಅಭ್ಯಾಸ ಮಾಡಿ.

ನಿಜವಾದ ಅಪಾಯ ಲಿಂಕ್‌ನಲ್ಲಿದೆ

ಕಂಪೈಲರ್ ಉಚಿತ ಎಂದು ಗೊತ್ತಿಲ್ಲದವರಿಂದ 999 ರೂಪಾಯಿ ಕೀಳುವುದು ಒಂದು ಮೋಸ. ಅದಕ್ಕಿಂತ ದೊಡ್ಡದು ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಬರುವ ಎಪಿಕೆ ಫೈಲ್. ‘ಪ್ರೊ ಆವೃತ್ತಿ ಫ್ರೀ’ ಎಂದು ಹಾಕಿಕೊಂಡ ಆ್ಯಪ್ ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯಬಹುದು. ಮನೆಯ ಬ್ಯಾಂಕ್ ಖಾತೆ ಜೋಡಿಸಿದ ಒಂದೇ ಫೋನನ್ನು ಅಪ್ಪ, ಮಗ ಇಬ್ಬರೂ ಬಳಸುವ ಕಡೆ ಇದರ ಬೆಲೆ ತುಂಬಾ ದೊಡ್ಡದು.

ಗುರುತಿಸುವುದು ಸುಲಭ. ಕಂಪೈಲರ್‌ನ ಕೆಲಸ ನೀವು ಬರೆದ ಫೈಲ್ ಓದಿ ಅನುವಾದಿಸುವುದು. ಅದಕ್ಕೆ ನಿಮ್ಮ ಎಸ್‌ಎಂಎಸ್, ಕಾಂಟ್ಯಾಕ್ಟ್, ಕರೆಗಳ ಪಟ್ಟಿ ಯಾಕೆ ಬೇಕು? ಅಂಥ ಅನುಮತಿ ಕೇಳಿದ ತಕ್ಷಣ ತೆಗೆದುಹಾಕಿ. ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ 1930 ಎಂಬ ಸೈಬರ್ ವಂಚನೆ ಸಹಾಯವಾಣಿಗೆ ಕರೆ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಕೊನೆಗೆ

ಕಾಕಾ ಆ ವರ್ಷ ಸಾಲ ಮಾಡಲಿಲ್ಲ. ಹುಡುಗ ಮೊದಲ ಸೆಮಿಸ್ಟರನ್ನು ಅದೇ ಫೋನ್ ಮತ್ತು ಒಂದು ಹಳೆಯ ಕೀಬೋರ್ಡ್‌ನಲ್ಲಿ ಮುಗಿಸಿದ. ಮುಂದೆ ಲ್ಯಾಪ್‌ಟಾಪ್ ಬೇಕಾಗುತ್ತದೆ, ಅದು ಅವನಿಗೂ ಗೊತ್ತು. ಆದರೆ ಕೋಡಿಂಗ್ ತನಗೆ ಹಿಡಿಸುತ್ತದೆಯೋ ಇಲ್ಲವೋ ಎಂದು ತಿಳಿಯಲು ಮನೆಯವರು ಮೊದಲೇ ಸಾಲಕ್ಕೆ ಬೀಳಬೇಕಾಗಲಿಲ್ಲ.

ಅಂಥ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ, ಅದನ್ನು ಮುಂದಕ್ಕೆ ಕಳಿಸುವ ಬದಲು ಈ ನಾಲ್ಕು ಸಾಲು ಕಳಿಸಿ:

ಸಿ ಕಲಿಯಲು ಕಂಪೈಲರ್‌ಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಜಿಸಿಸಿ, ಕ್ಲ್ಯಾಂಗ್ ಎರಡೂ ಉಚಿತ. ಶುರು ಮಾಡಲು ಫೋನ್ ಸಾಕು. ಗ್ರೂಪಿನಲ್ಲಿ ಬಂದ ಎಪಿಕೆ ಹಾಕಿಕೊಳ್ಳಬೇಡಿ.